ಬ್ಯಾಂಕ್ ಹರಾಜಿನಲ್ಲಿ ಮನೆ, ಸೈಟು ಕೊಳ್ಳುವವರಿಗೆ: ಹರಾಜು ಹಾಕುವವರ ಅಧಿಕಾರ ಪರೀಕ್ಷಿಸುವುದರಿಂದ ಖಾತೆ ಬದಲಾವಣೆವರೆಗೆ

ಅಮೆರಿಕದ ಟೆಕ್ಸಸ್‌ನಂಥ ರಾಜ್ಯಗಳಲ್ಲಿ ಹರಾಜು ಕೂಗುವವರು ರಾಜ್ಯ ಸರ್ಕಾರದ ಪರವಾನಗಿ ಪಡೆದಿರಬೇಕು. ಆ ಪರವಾನಗಿಯ ನಂಬರು ನೋಡಿದರೆ ಆ ವ್ಯಕ್ತಿಗೆ ಹರಾಜು ಹಾಕುವ ಹಕ್ಕಿದೆಯೋ ಇಲ್ಲವೋ ಗೊತ್ತಾಗುತ್ತದೆ. ನಮ್ಮಲ್ಲಿ ಎಲ್ಲ ಹರಾಜಿಗೂ ಸಲ್ಲುವ ಇಂಥ ಒಂದೇ ಲೈಸೆನ್ಸ್ ಇಲ್ಲ. ಎಪಿಎಂಸಿ ಯಾರ್ಡಿನ ದಲ್ಲಾಳಿಗೆ 1966ರ ಕರ್ನಾಟಕ ಕೃಷಿ ಮಾರುಕಟ್ಟೆ ಕಾಯ್ದೆಯ ಲೈಸೆನ್ಸ್ ಬೇಕು. ಪುರಾತನ ವಸ್ತು ಮಾರುವವರಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯ ಲೈಸೆನ್ಸ್ ಬೇಕು. ದಿವಾಳಿ ಕಂಪನಿಯ ಆಸ್ತಿ ಮಾರುವ ಲಿಕ್ವಿಡೇಟರ್ ಐಬಿಬಿಐ ಎಂಬ ಕೇಂದ್ರದ ದಿವಾಳಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಕೋರ್ಟಿನ ಡಿಕ್ರಿ (ತೀರ್ಪಿನ ಆದೇಶ) ಜಾರಿಗೆ ನಡೆಯುವ ಹರಾಜನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ ಪ್ರಕಾರ ಕೋರ್ಟಿನ ಅಧಿಕಾರಿ ಅಥವಾ ಕೋರ್ಟು ನೇಮಿಸಿದವರು ನಡೆಸುತ್ತಾರೆ.

ಜನ ಹೆಚ್ಚಾಗಿ ಎದುರಾಗುವುದು ಇನ್ನೊಂದು ಬಗೆಯ ಹರಾಜಿಗೆ. ಪತ್ರಿಕೆಯ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬರುವ, ಸಾಲ ತೀರಿಸದವರ ಮನೆ, ಫ್ಲ್ಯಾಟು, ಸೈಟಿನ ಬ್ಯಾಂಕ್ ಹರಾಜು ಅದು. ನಡೆಯುವುದು, ಕೋರ್ಟಿಗೆ ಹೋಗದೆಯೇ ಅಡಮಾನದ ಸ್ವತ್ತು ಮಾರಿ ಸಾಲ ವಸೂಲಿ ಮಾಡಲು ಬಿಡುವ 2002ರ ಸರ್ಫೇಸಿ ಕಾಯ್ದೆ ಮತ್ತು ಅದೇ ವರ್ಷದ ಭದ್ರತಾ ಹಿತಾಸಕ್ತಿ ಜಾರಿ ನಿಯಮಗಳ ಅಡಿಯಲ್ಲಿ. ಇಲ್ಲಿ ಮಾರುವವರ ಅಧಿಕಾರ ಕುಳಿತಿರುವುದು ಒಂದಾದ ಮೇಲೊಂದು ಹೊರಟ ನೋಟಿಸುಗಳಲ್ಲಿ. ನಡುವೆ ಒಂದು ನೋಟಿಸು ತಪ್ಪಿದ್ದರೂ ಮಾರಾಟ ರದ್ದಾಗಬಹುದು, ಕೇಸು ಮುಗಿಯುವವರೆಗೆ ಕೊಂಡವರ ದುಡ್ಡು ಸಿಕ್ಕಿಹಾಕಿಕೊಳ್ಳಬಹುದು. ಹಾಗಾಗಿ ಮನೆಯ ಗೋಡೆ, ಛಾವಣಿ ನೋಡುವ ಮೊದಲು ಕಾಗದ ನೋಡಿ.

ಮೊದಲ ಹೆಜ್ಜೆ: ಮಾರುತ್ತಿರುವವರು ಯಾರು

ಸಾಲ ಕೊಟ್ಟವರೆಲ್ಲ ಸರ್ಫೇಸಿಯಲ್ಲಿ ಹರಾಜು ಹಾಕುವಂತಿಲ್ಲ. ಬ್ಯಾಂಕುಗಳು ಹಾಕಬಹುದು, ಸಹಕಾರಿ ಬ್ಯಾಂಕುಗಳೂ ಹಾಕಬಹುದು. ಸಹಕಾರಿ ಬ್ಯಾಂಕುಗಳ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಇತ್ಯರ್ಥಪಡಿಸಿತು. ಫೈನಾನ್ಸ್ ಕಂಪನಿಗಳಲ್ಲಿ 100 ಕೋಟಿ ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಆಸ್ತಿಯ, ಕೇಂದ್ರ ಸರ್ಕಾರದ ಅಧಿಸೂಚನೆಯೊಳಗೆ ಬರುವ ಎನ್‌ಬಿಎಫ್‌ಸಿಗಳಿಗೆ (ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ) ಮಾತ್ರ ಈ ಅಧಿಕಾರ, ಅದೂ 20 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ಸಾಲಕ್ಕೆ. ಗೃಹಸಾಲ ಕಂಪನಿಗಳಿಗೆ ಬೇರೆ ಅಧಿಸೂಚನೆ ಇದೆ. ಬ್ಯಾಂಕಲ್ಲದ ಪತ್ತಿನ ಸಹಕಾರ ಸಂಘ ಈ ಕಾಯ್ದೆಯ ಹೆಸರಲ್ಲಿ ಸ್ವತ್ತು ಮಾರುವಂತಿಲ್ಲ, ಅದು ಸಹಕಾರ ಸಂಘಗಳ ಕಾಯ್ದೆಯ ದಾರಿಯಲ್ಲೇ ವಸೂಲಿ ಮಾಡಬೇಕು. ಊರಿನ ಲೇವಾದೇವಿಯವರ ಮಾತಂತೂ ಬೇಡ. ಬ್ಯಾಂಕು ಸಾಲವನ್ನು ಆಸ್ತಿ ಪುನರ್ರಚನಾ ಕಂಪನಿಗೆ ಮಾರಿದ್ದರೆ ಹರಾಜು ಹಾಕುವುದು ಆ ಕಂಪನಿ. ಆಗ ಸಾಲ ವರ್ಗಾವಣೆಯ ಪತ್ರದ ದಿನಾಂಕ ಕೇಳಿ ಬರೆದುಕೊಳ್ಳಿ.

ನೋಟಿಸಿನ ಕೆಳಗೆ ಸಹಿ ಮಾಡಿದವರು ‘ಅಧಿಕೃತ ಅಧಿಕಾರಿ’. ನಿಯಮದ ಪ್ರಕಾರ ಇವರು ಸರ್ಕಾರಿ ಬ್ಯಾಂಕಿನ ಚೀಫ್ ಮ್ಯಾನೇಜರ್ ದರ್ಜೆಗೆ ಕಡಿಮೆಯಿಲ್ಲದವರಾಗಿರಬೇಕು ಅಥವಾ ಅದಕ್ಕೆ ಸಮನಾದ ಹುದ್ದೆಯಲ್ಲಿರಬೇಕು. ಬ್ಯಾಂಕಿನ ಆಡಳಿತ ಮಂಡಳಿ ಗೊತ್ತುಮಾಡಿದವರೂ ಆಗಬಹುದು. ಶಾಖೆಯ ಸಾಮಾನ್ಯ ಮ್ಯಾನೇಜರ್ ಸಹಿ ಮಾಡಿದ್ದರೆ ಅವರನ್ನು ನೇಮಿಸಿದ ಆದೇಶ ಎಲ್ಲಿದೆ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಹರಾಜು ನಡೆಸಿಕೊಡುವ ವೆಬ್‌ಸೈಟಿನ ಕಂಪನಿ ಹರಾಜುದಾರರಲ್ಲ, ಅದು ಬರೀ ಕಂಪ್ಯೂಟರ್ ವ್ಯವಸ್ಥೆ ಒದಗಿಸುತ್ತದೆ. ‘ನಾನು ಬ್ಯಾಂಕಿನ ಏಜೆಂಟ್, ಈ ಪ್ರಾಪರ್ಟಿ ನಿಮಗೇ ಮಾಡಿಸಿಕೊಡ್ತೀನಿ’ ಎನ್ನುವವರಿಗೆ ಈ ಕಾಯ್ದೆಯಲ್ಲಿ ಜಾಗವೇ ಇಲ್ಲ. ಅವರ ಖಾತೆಗೆ ಟೋಕನ್ ಅಂತ ಒಂದು ರೂಪಾಯಿಯೂ ಹೋಗಬಾರದು.

ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ. ಬ್ಯಾಂಕು ತನ್ನ ಅಡಮಾನವನ್ನು ಸೆರ್‌ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ದಾಖಲಿಸಿರಬೇಕು. 2020ರ ಜನವರಿ 24ರಿಂದ ಜಾರಿಗೆ ಬಂದ 26-ಡಿ ಕಲಮಿನ ಪ್ರಕಾರ, ದಾಖಲಾಗದ ಅಡಮಾನವನ್ನು ಈ ಕಾಯ್ದೆಯಡಿ ಜಾರಿ ಮಾಡುವ ಹಕ್ಕೇ ಬ್ಯಾಂಕಿಗಿಲ್ಲ. ಸೆರ್‌ಸಾಯ್ ವೆಬ್‌ಸೈಟಿನಲ್ಲಿ ಸಣ್ಣ ಶುಲ್ಕ ಕಟ್ಟಿ ಸಾರ್ವಜನಿಕರೂ ಹುಡುಕಬಹುದು. ಅದೇ ಸ್ವತ್ತಿನ ಮೇಲೆ ಇನ್ನೊಂದು ಬ್ಯಾಂಕಿನ ಹೆಸರು ಕಂಡರೆ ಅಲ್ಲೇ ನಿಲ್ಲಿ.

ಎರಡನೇ ಹೆಜ್ಜೆ: ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ

ಈ ಕೆಲಸ ಬೇಸರದ್ದು. ಆದರೂ ಸಮಯ ಹಾಕಬೇಕಾದ್ದು ಇಲ್ಲೇ, ಕೋರ್ಟಿನಲ್ಲಿ ಮಾರಾಟ ಬಿದ್ದುಹೋಗುವುದು ಹೆಚ್ಚಾಗಿ ದಿನದ ಲೆಕ್ಕದಲ್ಲಿ.

ಕಂತು 90 ದಿನ ಬಾಕಿ ಬಿದ್ದಾಗ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಆಗುತ್ತದೆ. ಆಮೇಲೆ 13(2) ಕಲಮಿನ ಬೇಡಿಕೆ ನೋಟಿಸ್ ಹೋಗಬೇಕು. ಅದರಲ್ಲಿ 60 ದಿನದ ಗಡುವು. ಸಾಲಗಾರ ಆಕ್ಷೇಪ ಬರೆದರೆ ಬ್ಯಾಂಕು 15 ದಿನದೊಳಗೆ ಕಾರಣ ಕೊಟ್ಟು ಉತ್ತರಿಸಬೇಕು. 60 ದಿನ ಕಳೆದ ಮೇಲಷ್ಟೇ 13(4)ರಡಿ ಸ್ವಾಧೀನ. ಸ್ವಾಧೀನದ ನೋಟಿಸನ್ನು ಸಾಲಗಾರನಿಗೆ ಕೊಟ್ಟು, ಸ್ವತ್ತಿನ ಮೇಲೆ ಅಂಟಿಸಿ, 7 ದಿನದೊಳಗೆ ಎರಡು ಪ್ರಮುಖ ದಿನಪತ್ರಿಕೆಗಳಲ್ಲಿ ಹಾಕಿಸಬೇಕು. ಆ ಎರಡರಲ್ಲಿ ಒಂದು ಆ ಪ್ರದೇಶದ ಭಾಷೆಯದ್ದಾಗಿರಬೇಕು. ಕರ್ನಾಟಕದ ಸ್ವತ್ತಿನ ನೋಟಿಸು ಎರಡೂ ಇಂಗ್ಲಿಷ್ ಪತ್ರಿಕೆಯಲ್ಲೇ ಬಂದಿದ್ದರೆ, ಮಾರಾಟ ಪ್ರಶ್ನಿಸಲು ಸಾಲಗಾರನ ವಕೀಲರಿಗೆ ಅದೊಂದೇ ಸಾಕು.

ನಂತರ ಅನುಮೋದಿತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಮೀಸಲು ಬೆಲೆ, ಅಂದರೆ ಹರಾಜಿನ ಕನಿಷ್ಠ ಬೆಲೆ ಗೊತ್ತುಮಾಡುತ್ತಾರೆ. 8(6) ನಿಯಮದಂತೆ ಸಾಲಗಾರನಿಗೆ 30 ದಿನದ ಮಾರಾಟದ ನೋಟಿಸ್ ಹೋಗುತ್ತದೆ, ಮತ್ತೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಇದನ್ನು ಸ್ವತ್ತಿನ ಮೇಲೆ ಅಂಟಿಸಬೇಕು, ಬ್ಯಾಂಕಿನ ವೆಬ್‌ಸೈಟಿನಲ್ಲೂ ಹಾಕಬೇಕು. ಒಮ್ಮೆ ಹರಾಜು ಕೂಡಿಬಾರದೆ ಮತ್ತೆ ಹಾಕುವಾಗ ಮಾತ್ರ 30ರ ಬದಲು 15 ದಿನ ಸಾಕು.

ಲೆಕ್ಕ ಹೀಗೆ ಮಾಡಿ. ಬೇಡಿಕೆ ನೋಟಿಸ್ ಜನವರಿ 2ಕ್ಕೆ ತಲುಪಿದೆ ಎಂದುಕೊಳ್ಳಿ. ಅಧಿಕ ವರ್ಷ ಅಲ್ಲದಿದ್ದರೆ 60 ದಿನ ತುಂಬುವುದು ಮಾರ್ಚ್ 3ಕ್ಕೆ. ಫೆಬ್ರವರಿ 27ರ ಸ್ವಾಧೀನ ನೋಟಿಸು ಕಂಡರೆ ಅದು ಹುಳುಕು. ಮೊದಲ ಹರಾಜಿನ ಪ್ರಕಟಣೆ ಏಪ್ರಿಲ್ 10ರಂದು ಬಂದಿದ್ದರೆ ಮೇ 10ಕ್ಕೆ 30 ದಿನ, ಮೇ 8ರ ಹರಾಜು ನಿಲ್ಲುವುದಿಲ್ಲ. ಎಣಿಸಬೇಕಾದ್ದು ಪತ್ರಿಕೆಯಲ್ಲಿ ಬಂದ ದಿನದಿಂದ ಮಾತ್ರವಲ್ಲ, ಸಾಲಗಾರನಿಗೆ ನೋಟಿಸು ಮುಟ್ಟಿದ ದಿನದಿಂದಲೂ. ಜಾಮೀನುದಾರ ಇದ್ದು, ಸ್ವತ್ತು ಅವರ ಹೆಸರಲ್ಲೇ ಇದ್ದರೆ ಅವರಿಗೂ ನೋಟಿಸು ಹೋಗಿದೆಯೇ ನೋಡಿ. ಈ ದಿನಗಳು ಕಾಟಾಚಾರಕ್ಕಲ್ಲ, ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಮ್ಯಾಥ್ಯೂ ವರ್ಗೀಸ್ ಮತ್ತು ವಾಸು ಪಿ. ಶೆಟ್ಟಿ ಪ್ರಕರಣಗಳಲ್ಲಿ ಹೇಳಿದೆ.

ಬ್ಯಾಂಕಿನವರು ಈ ಕಾಗದ ತೋರಿಸುತ್ತಾರೆಯೇ? ಕೆಲವರು ತೋರಿಸುತ್ತಾರೆ. ಕೆಲವರು ‘ಎಲ್ಲ ಸರಿ ಇದೆ ಸರ್’ ಎಂದು ಸಾಗಹಾಕುತ್ತಾರೆ. ಇಮೇಲಿನಲ್ಲಿ ಕೇಳಿ. 13(2) ನೋಟಿಸು, ಅದು ಮುಟ್ಟಿದ್ದಕ್ಕೆ ಪುರಾವೆ, ಸ್ವಾಧೀನ ನೋಟಿಸು, ನಾಲ್ಕೂ ಪತ್ರಿಕೆ ತುಣುಕು, ಮೌಲ್ಯಮಾಪನ ವರದಿಯ ದಿನಾಂಕ ಇಷ್ಟು ಸಾಕು. ಉತ್ತರವೇ ಬಾರದ ಸ್ವತ್ತನ್ನು ಬಿಟ್ಟುಬಿಡುವುದು ವಾಸಿ. ಮುಂದಿನ ಶುಕ್ರವಾರ ಇನ್ನೊಂದು ಬರುತ್ತದೆ.

ಸ್ವತ್ತು ಈ ಕಾಯ್ದೆಯೊಳಗೆ ಬರುತ್ತದೆಯೇ

ಕೃಷಿ ಭೂಮಿಗೆ 31(ಐ) ಕಲಮಿನ ರಕ್ಷಣೆ ಇದೆ, ಅದನ್ನು ಸರ್ಫೇಸಿಯಲ್ಲಿ ಹರಾಜು ಹಾಕುವಂತಿಲ್ಲ. ತಕರಾರು ಬರುವುದು ಊರಂಚಿನ ಜಮೀನಿನಲ್ಲಿ. ಪಹಣಿಯಲ್ಲಿ ಇನ್ನೂ ಜಮೀನೇ, ಮೇಲೆ ಮಾತ್ರ ಗೋದಾಮು ಎದ್ದಿರುತ್ತದೆ. ಭೂಪರಿವರ್ತನೆ ಆದೇಶ ಇದ್ದರೆ ಅದರ ಪ್ರತಿ ಪಡೆಯಿರಿ. ಇಲ್ಲದಿದ್ದರೆ ದಾಖಲೆಯ ಹೆಸರೊಂದೇ ಸಾಲದು, ನಿಜಕ್ಕೂ ಉಳುಮೆ ಇದೆಯೇ ಎಂಬುದನ್ನೂ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂದರೆ ವಾದಕ್ಕೆ ಎರಡೂ ಕಡೆ ಜಾಗ ಇದೆ. ವಾದಕ್ಕೆ ಜಾಗ ಇರುವ ಸ್ವತ್ತಿಗೆ ಹೆಚ್ಚು ಬೆಲೆ ಕೊಡಬೇಡಿ.

ಸಾಲದ ಬಹುಪಾಲು ತೀರಿ ಅಸಲು ಮತ್ತು ಬಡ್ಡಿಯ 20% ಕ್ಕಿಂತ ಕಡಿಮೆ ಬಾಕಿ ಉಳಿದಿದ್ದರೂ ಈ ಕಾಯ್ದೆ ಅನ್ವಯಿಸುವುದಿಲ್ಲ.

ಕರ್ನಾಟಕದ್ದೇ ಆದ ತೊಡಕೊಂದಿದೆ: ಮಂಜೂರಾದ ಜಮೀನು. ಹಿಂದೆಂದೋ ಸರ್ಕಾರದಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯಲ್ಲಿ ಬಡಾವಣೆ ಎದ್ದಿದ್ದರೆ ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಹಿಂದಿನ ಮಾರಾಟವೇ ಅಸಿಂಧು ಆಗಬಹುದು. 2023ರ ತಿದ್ದುಪಡಿಯ ಪ್ರಕಾರ ಇದನ್ನು ಪ್ರಶ್ನಿಸಲು ಕಾಲಮಿತಿಯೂ ಇಲ್ಲ. ಬ್ಯಾಂಕಿನ ಹರಾಜು ಇದನ್ನು ತೊಳೆದುಹಾಕುವುದಿಲ್ಲ. ಸರ್ವೆ ನಂಬರಿನ ಮೂಲ ಪತ್ತೆಗೆ ಹಳೆಯ ಪಹಣಿ, ಮ್ಯುಟೇಶನ್, ಮಂಜೂರಾತಿ ದಾಖಲೆಗಳನ್ನು ತಾಲ್ಲೂಕು ಕಚೇರಿಯಿಂದ ತೆಗೆಸಿ ವಕೀಲರಿಗೆ ತೋರಿಸಿ.

ಋಣಭಾರ ಪತ್ರವನ್ನು (ಇಸಿ) ಕನಿಷ್ಠ 30 ವರ್ಷಕ್ಕೆ ತೆಗೆಸುವುದು ಇಲ್ಲಿಯ ರೂಢಿ. ವಹಿವಾಟು ಇದ್ದರೆ ಫಾರಂ 15ರಲ್ಲಿ, ಏನೂ ಇಲ್ಲದಿದ್ದರೆ ಫಾರಂ 16ರಲ್ಲಿ ಬರುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಹಕ್ಕುಪತ್ರ ಠೇವಣಿಯ ಅಡಮಾನ ಅದರಲ್ಲಿ ಕಾಣಬೇಕು, ಅದರ ದಿನಾಂಕ ಬ್ಯಾಂಕು ಹೇಳುವುದಕ್ಕೆ ತಾಳೆಯಾಗಬೇಕು. ಅಡಮಾನದ ಮೊದಲೇ ನೋಂದಣಿಯಾದ ಕ್ರಯದ ಕರಾರು, ವಿಭಾಗ ಪತ್ರ, ಕೋರ್ಟಿನ ಜಪ್ತಿ, ತೆರಿಗೆ ಇಲಾಖೆಯ ಭೋಜಾ ಇವು ಕೆಂಪು ದೀಪ.

ಆಮೇಲೆ ಚೆಕ್ಕುಬಂದಿ. ನೋಟಿಸಿನಲ್ಲಿರುವ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣವನ್ನು ಕ್ರಯಪತ್ರದ ಷೆಡ್ಯೂಲಿನ ಜೊತೆ ಸಾಲುಸಾಲಾಗಿ ಹೋಲಿಸಿ. ನಂತರ ಜಾಗಕ್ಕೆ ಹೋಗಿ ಟೇಪು ಹಿಡಿಯಿರಿ. 30x40 ಸೈಟು ಅಂತ ಬರೆದಿದ್ದು, ರಸ್ತೆಗೆ ಬಿಟ್ಟದ್ದು ಹೋಗಿ 28 ಅಡಿ ಮಾತ್ರ ಉಳಿದಿರುವುದುಂಟು. ಸೈಟ್ ನಂಬರ್ 14ರ ಬದಲು 41 ಎಂದು ಅಚ್ಚಾದ ನೋಟಿಸು, ಪಕ್ಕದ ಮನೆಯ ಫೋಟೊ ಹಾಕಿದ ಪೋರ್ಟಲ್ ಪುಟ, ಎರಡೂ ಆಗುವಂಥವೇ. ಬರೀ ಅಚ್ಚಿನ ತಪ್ಪು ಎಂದು ಬ್ಯಾಂಕು ಹೇಳಿದರೆ ತಿದ್ದುಪಡಿಯನ್ನು ಪತ್ರಿಕೆಯಲ್ಲಿ ಪ್ರಕಟಿಸುವವರೆಗೆ ಠೇವಣಿ ಕಟ್ಟಬೇಡಿ. ಆ ತಪ್ಪು ನಾಳೆ ಮಾರಾಟ ಪ್ರಮಾಣಪತ್ರದಲ್ಲೂ ಮೂಡುತ್ತದೆ, ನೋಂದಣಿ ಅಲ್ಲಿಗೇ ನಿಲ್ಲುತ್ತದೆ.

ಖಾತೆಯ ವಿಷಯವನ್ನೂ ಈಗಲೇ ವಿಚಾರಿಸಿ. ಇ-ಖಾತಾ ಆಗಿದೆಯೇ, ಎ ಖಾತಾನೋ ಬಿ ಖಾತಾನೋ, ಆಗಿಲ್ಲದಿದ್ದರೆ ಯಾರ ಹೆಸರಲ್ಲಿ ಮಾಡಿಸಬೇಕು ಎಂಬುದನ್ನು ಆ ಭಾಗದ ಉಪನೋಂದಣಾಧಿಕಾರಿ ಕಚೇರಿಯಲ್ಲೇ ಕೇಳಿಕೊಂಡು ಬನ್ನಿ. ಹಳೆಯ ಮಾಲೀಕ ಸಹಕರಿಸದಿದ್ದಾಗ ಇ-ಖಾತಾ ಮಾಡಿಸುವುದು ತಿಂಗಳುಗಟ್ಟಲೆ ಎಳೆಯಬಹುದು.

ಬೀಗ ಯಾರ ಕೈಲಿದೆ

ನೋಟಿಸಿನಲ್ಲಿ ಸ್ವಾಧೀನದ ಮುಂದೆ ‘ಸಾಂಕೇತಿಕ’ ಅಥವಾ ‘ಭೌತಿಕ’ ಎಂದು ಇರುತ್ತದೆ. ಭೌತಿಕ ಎಂದರೆ ಮನೆ ಖಾಲಿ, ಬೀಗ ಬ್ಯಾಂಕಿನ ಕೈಲಿ. ಸಾಂಕೇತಿಕ ಎಂದರೆ ಬಾಗಿಲಿಗೆ ಕಾಗದ ಅಂಟಿಸಿದ್ದಷ್ಟೇ, ಒಳಗೆ ಸಾಲಗಾರನ ಮನೆಯವರು ಅಡುಗೆ ಮಾಡಿಕೊಂಡು ಇದ್ದಾರೆ. ಬೆಲೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಇರುವುದು ಇದಕ್ಕೇ.

ಸಾಂಕೇತಿಕ ಇದ್ದಾಗ ಖಾಲಿ ಮಾಡಿಸಲು ಬ್ಯಾಂಕು 14ನೇ ಕಲಮಿನಡಿ ಜಿಲ್ಲಾಧಿಕಾರಿ ಅಥವಾ ಚೀಫ್ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬೇಕು. 30 ದಿನದಲ್ಲಿ, ಕಾರಣ ದಾಖಲಿಸಿದರೆ ಒಟ್ಟು 60 ದಿನದಲ್ಲಿ ಆದೇಶ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಕಚೇರಿಯ ಕಡತಗಳಿಗೆ ಈ ಕಲಮು ಯಾವಾಗಲೂ ನೆನಪಿರುವುದಿಲ್ಲ. ಆದೇಶ ಬಂದ ಮೇಲೂ ಪೊಲೀಸ್ ಬಂದೋಬಸ್ತಿಗೆ ದಿನ ಸಿಗಬೇಕು, ಒಳಗಿನ ಸಾಮಾನಿನ ಪಟ್ಟಿ ಆಗಬೇಕು. ಹಾಗಾಗಿ ಬ್ಯಾಂಕಿಗೆ ಎರಡು ಪ್ರಶ್ನೆ ಹಾಕಿ: 14ರ ಅರ್ಜಿ ಹಾಕಿದ್ದೀರಾ? ಆದೇಶ ಆಗಿದೆಯಾ? ಎರಡಕ್ಕೂ ಇಲ್ಲ ಎಂದರೆ ಮನೆ ಕೈಗೆ ಬರಲು ಕನಿಷ್ಠ ಒಂದು ವರ್ಷ ಎಂದಿಟ್ಟುಕೊಂಡು, ಆ ವರ್ಷದ ಬಾಡಿಗೆ ಮತ್ತು ಬಡ್ಡಿಯನ್ನು ನಿಮ್ಮ ಬೆಲೆಯಿಂದ ಕಳೆಯಿರಿ.

ಬಾಡಿಗೆದಾರರಿದ್ದರೆ ಕರಾರು ಅಡಮಾನಕ್ಕೆ ಮೊದಲಿನದೋ ಆಮೇಲಿನದೋ, ನೋಂದಣಿ ಆಗಿದೆಯೋ ಕೇಳಿ. ಬೆಂಗಳೂರಿನಲ್ಲಿ ಬಾಡಿಗೆಗಿಂತ ‘ಲೀಸಿ’ಗೆ ಇರುವವರೇ ಹೆಚ್ಚು ತಲೆನೋವು. ಹತ್ತಾರು ಲಕ್ಷ ಕೊಟ್ಟು ಕೂತವರು ಹಣ ವಾಪಸಾಗದೆ ಎದ್ದು ಹೋಗುವುದಿಲ್ಲ, ಆ ಹಣ ಬ್ಯಾಂಕಂತೂ ಕೊಡುವುದಿಲ್ಲ.

ಹಳೆಯ ಬಾಕಿ

ಪ್ರತಿ ನೋಟಿಸಿನಲ್ಲೂ ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು’ ಎಂಬ ಸಾಲಿರುತ್ತದೆ. ಅದರ ಭಾರ ಪೂರ್ತಿ ಕೊಳ್ಳುವವರ ಮೇಲೆ. ಆಸ್ತಿ ತೆರಿಗೆ, ನೀರು, ಒಳಚರಂಡಿ, ಅಪಾರ್ಟ್‌ಮೆಂಟ್ ಸಂಘದ ನಿರ್ವಹಣಾ ಶುಲ್ಕ ಒಂದೊಂದನ್ನೂ ಆಯಾ ಕಚೇರಿಯಲ್ಲಿ ವಿಚಾರಿಸಿ ಮೊತ್ತ ಬರೆದುಕೊಳ್ಳಿ. ವಿದ್ಯುತ್ ಬಾಕಿಯ ವಿಷಯದಲ್ಲಿ, ನಿಯಮಾವಳಿಯಲ್ಲಿ ಅವಕಾಶವಿದ್ದರೆ ಹಳೆಯ ಮಾಲೀಕನ ಬಾಕಿ ತೀರಿಸದೆ ಹೊಸ ಸಂಪರ್ಕ ಇಲ್ಲ ಎಂದು ಕಂಪನಿ ಹೇಳಬಹುದು ಎಂದು ಸುಪ್ರೀಂ ಕೋರ್ಟ್ 2023ರ ಕೆ.ಸಿ. ನಿನಾನ್ ತೀರ್ಪಿನಲ್ಲಿ ಒಪ್ಪಿದೆ. ಮನೆಗೆ ಇದು ಕೆಲವು ಸಾವಿರದ ಮಾತು. ಮುಚ್ಚಿದ ಕಾರ್ಖಾನೆಗೆ ಕೋಟಿಯೂ ಆಗಬಹುದು.

ಹಣದ ಲೆಕ್ಕ

ಉದಾಹರಣೆಗೆ ಮೀಸಲು ಬೆಲೆ 60 ಲಕ್ಷದ ಫ್ಲ್ಯಾಟು ತೆಗೆದುಕೊಳ್ಳೋಣ. ಇಎಂಡಿ ಎಂದು ಕರೆಯುವ ಮುಂಗಡ ಠೇವಣಿ ಸಾಮಾನ್ಯವಾಗಿ ಮೀಸಲು ಬೆಲೆಯ 10%, ಅಂದರೆ 6 ಲಕ್ಷ. ನೀವು 68 ಲಕ್ಷಕ್ಕೆ ಗೆದ್ದಿರಿ. 9(3) ನಿಯಮದ ಪ್ರಕಾರ ಇಎಂಡಿ ಸೇರಿ ಮಾರಾಟ ಬೆಲೆಯ 25%, ಅಂದರೆ 17 ಲಕ್ಷವನ್ನು ಅದೇ ದಿನ, ತಪ್ಪಿದರೆ ಮುಂದಿನ ಕೆಲಸದ ದಿನ ಕಟ್ಟಬೇಕು. 6 ಲಕ್ಷ ಈಗಾಗಲೇ ಇದೆ, 11 ಲಕ್ಷ ಮರುದಿನವೇ ಹೊರಡಬೇಕು. ಉಳಿದ 51 ಲಕ್ಷ ಮಾರಾಟ ದೃಢೀಕರಣವಾದ 15ನೇ ದಿನದೊಳಗೆ.

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ 1% ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು. ಇಲ್ಲಿ 68,000 ರೂಪಾಯಿ. ಹಾಗಾಗಿ ಬ್ಯಾಂಕಿಗೆ ಕೊನೆಯಲ್ಲಿ ಹೋಗುವುದು 50,32,000. ಎಡವಟ್ಟು ಆಗುವುದು ಇಲ್ಲಿಯೇ. ಟಿಡಿಎಸ್ ಚಲನ್ ಬ್ಯಾಂಕಿಗೆ ಕೊಡದಿದ್ದರೆ ಅವರ ಪುಸ್ತಕದಲ್ಲಿ 68,000 ಬಾಕಿ ಎಂದೇ ಇರುತ್ತದೆ, ಪ್ರಮಾಣಪತ್ರ ಹೊರಡುವುದಿಲ್ಲ. ಮಾರಾಟಗಾರರ ಪ್ಯಾನ್ ಯಾರದು ಹಾಕಬೇಕು ಎಂದು ಹರಾಜಿಗೆ ಮೊದಲೇ ಬರವಣಿಗೆಯಲ್ಲಿ ಕೇಳಿ. ಸಾಮಾನ್ಯವಾಗಿ ಸ್ವತ್ತಿನ ಮಾಲೀಕನದು, ಬ್ಯಾಂಕಿನದಲ್ಲ. ಅವನ ಪ್ಯಾನ್ ನಿಮಗೆ ಬೇರೆಲ್ಲೂ ಸಿಗದು.

ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ 2% ಆದ ನೋಂದಣಿ ಶುಲ್ಕ ಎಲ್ಲ ಸೇರಿ ನಗರದಲ್ಲಿ ಸುಮಾರು 7.6%. 68 ಲಕ್ಷಕ್ಕೆ 5,16,800. ಹಳೆಯ ಬಾಕಿ, ವಕೀಲರ ಶುಲ್ಕ, ರಿಪೇರಿ ಬೇರೆ. ಕೈಲಿ ಒಟ್ಟು 75 ಲಕ್ಷ ಇಲ್ಲದೆ 68ಕ್ಕೆ ಕೂಗುವುದು ಬೇಡ.

ಸಾಲ ಮಾಡಿ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಮಾರಾಟ ಪ್ರಮಾಣಪತ್ರ ಇಲ್ಲದೆ ಬೇರೆ ಬ್ಯಾಂಕು ಹಣ ಬಿಡುಗಡೆ ಮಾಡಲು ಹಿಂಜರಿಯುತ್ತದೆ. ಹಣ ಪೂರ್ತಿ ಬಾರದೆ ಈ ಬ್ಯಾಂಕು ಪ್ರಮಾಣಪತ್ರ ಕೊಡುವುದಿಲ್ಲ. 15 ದಿನ ಈ ಎಳೆದಾಟದಲ್ಲೇ ಕಳೆಯುತ್ತದೆ. ಹರಾಜು ಹಾಕುವ ಬ್ಯಾಂಕಿನಲ್ಲೇ ಸಾಲ ಕೇಳುವುದು ಸಲೀಸು, ಸ್ವತ್ತಿನ ಕಾಗದ ಆಗಲೇ ಅವರ ಹತ್ತಿರ ಇರುತ್ತದೆ. ಎಲ್ಲೇ ಆಗಲಿ ಮಂಜೂರಾತಿ ಪತ್ರ ಕೈಗೆ ಬಂದ ಮೇಲೆ ಹರಾಜಿಗೆ ಇಳಿಯಿರಿ. ಸಮಯ ಸಾಲದಿದ್ದರೆ 9(4) ನಿಯಮದಂತೆ ಬ್ಯಾಂಕು ಬರವಣಿಗೆಯಲ್ಲಿ ಒಪ್ಪಿದರೆ ಮೂರು ತಿಂಗಳು ಮೀರದಂತೆ ವಿಸ್ತರಣೆ ಸಿಗುತ್ತದೆ. ಅರ್ಜಿ 15ನೇ ದಿನಕ್ಕೆ ಮೊದಲೇ ಹೋಗಲಿ, ಒಪ್ಪಿಗೆಯೂ ಅಷ್ಟರೊಳಗೆ ಕಾಗದದಲ್ಲಿ ಬರಲಿ. ‘ಆಗುತ್ತೆ ಬಿಡಿ’ ಎಂಬ ಫೋನಿನ ಮಾತು ಲೆಕ್ಕಕ್ಕಿಲ್ಲ.

ಕಟ್ಟದಿದ್ದರೆ? 17 ಲಕ್ಷವೂ ಮುಟ್ಟುಗೋಲು. ಬ್ಯಾಂಕಿಗೆ ನಷ್ಟವೇ ಆಗಿಲ್ಲ, ಮರುಹರಾಜಿನಲ್ಲಿ ಹೆಚ್ಚೇ ಬಂತು ಎಂಬ ವಾದವೂ ನಡೆಯುವುದಿಲ್ಲ. 2024ರ ಫೆಬ್ರವರಿಯಲ್ಲಿ ಷಣ್ಮುಗವೇಲು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕರಾರು ಕಾಯ್ದೆಯ ನಷ್ಟದ ಲೆಕ್ಕ ಇಲ್ಲಿಗೆ ಅನ್ವಯಿಸುವುದಿಲ್ಲ, ಪೂರ್ತಿ 25% ಮುಟ್ಟುಗೋಲು ಸರಿ ಎಂದಿತು.

ಹರಾಜಿನ ದಿನ

ಸರ್ಕಾರಿ ಬ್ಯಾಂಕುಗಳ ಸ್ವತ್ತು ಬ್ಯಾಂಕ್‌ನೆಟ್ ಪೋರ್ಟಲ್‌ನಲ್ಲಿ ಬರುತ್ತದೆ. ಖಾಸಗಿ ಬ್ಯಾಂಕು, ಫೈನಾನ್ಸ್ ಕಂಪನಿಗಳು ಬೇರೆ ಬೇರೆ ಖಾಸಗಿ ಪೋರ್ಟಲ್ ಬಳಸುತ್ತವೆ. ಮೊಬೈಲ್, ಇಮೇಲ್, ಕೆವೈಸಿ, ಬ್ಯಾಂಕ್ ಖಾತೆ ಪರಿಶೀಲನೆ ಇವಕ್ಕೆ ಎರಡು ಮೂರು ದಿನ ಬೇಕಾಗಬಹುದು, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಇಎಂಡಿಯನ್ನು ಪೋರ್ಟಲಿನ ವ್ಯಾಲೆಟ್‌ಗೆ ಅಥವಾ ನೋಟಿಸಿನಲ್ಲೇ ಅಚ್ಚಾದ ಬ್ಯಾಂಕ್ ಖಾತೆಗೆ ಮಾತ್ರ ಹಾಕಿ. ಖಾತೆ ಸಂಖ್ಯೆ ವಾಟ್ಸಾಪಿನಲ್ಲಿ ಬಂದರೆ ಪತ್ರಿಕೆಯ ನೋಟಿಸು, ಬ್ಯಾಂಕಿನ ವೆಬ್‌ಸೈಟು ಎರಡರ ಜೊತೆಗೂ ತಾಳೆ ನೋಡಿ. ಯಾರ ಹೆಸರಲ್ಲಿ ನೋಂದಾಯಿಸುತ್ತೀರೋ ಅವರ ಹೆಸರಿಗೇ ಪ್ರಮಾಣಪತ್ರ ಬರುತ್ತದೆ. ಗಂಡ ಹೆಂಡತಿ ಜಂಟಿಯಾಗಿ ಬೇಕಿದ್ದರೆ ಮೊದಲೇ ಹಾಗೆ ನೋಂದಾಯಿಸಿ. ಗೆದ್ದ ಮೇಲೆ ‘ನನ್ನ ತಮ್ಮನ ಹೆಸರೂ ಸೇರಿಸಿ’ ಎಂದರೆ ಬ್ಯಾಂಕು ಒಪ್ಪದಿರಬಹುದು, ಒಪ್ಪಿದರೂ ಉಪನೋಂದಣಾಧಿಕಾರಿ ಪ್ರಶ್ನಿಸಬಹುದು.

ಬಿಡ್ಡು ಏರುವ ಹೆಜ್ಜೆ ನೋಟಿಸಿನಲ್ಲೇ ಇರುತ್ತದೆ, 25,000 ಅಥವಾ 50,000 ಹೀಗೆ. ಕೊನೆಯ ನಿಮಿಷಗಳಲ್ಲಿ ಯಾರಾದರೂ ಬಿಡ್ ಹಾಕಿದರೆ ಸಮಯ ತಾನಾಗಿಯೇ 5 ಅಥವಾ 10 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಕೊನೇ ಸೆಕೆಂಡಿಗೆ ಒತ್ತುವ ಚಾಲಾಕಿತನ ಇಲ್ಲಿ ಕೆಲಸಕ್ಕೆ ಬಾರದು. ಅಂಕಿಯ ಕೆಳಗೆ ಅಕ್ಷರದಲ್ಲಿ ಮೂಡುವ ಮೊತ್ತವನ್ನು ಪ್ರತಿ ಸಲ ಓದಿ. 61,00,000 ಒತ್ತಲು ಹೋಗಿ 6,10,00,000 ಒತ್ತಿದರೆ ಹಿಂತೆಗೆಯುವ ಗುಂಡಿ ಇಲ್ಲ. ಗರಿಷ್ಠ ಬೆಲೆಯನ್ನು ಹಿಂದಿನ ದಿನವೇ ಬರೆದು ಮನೆಯವರೊಬ್ಬರ ಕೈಲಿ ಕೊಡಿ, ಪರದೆಯ ಮುಂದೆ ಕೂತಾಗ ಎಲ್ಲರ ತಲೆಯೂ ಬಿಸಿಯಾಗುತ್ತದೆ. ಮೀಸಲು ಬೆಲೆಗಿಂತ ಕಡಿಮೆಗೆ ಅಧಿಕಾರಿ ದೃಢೀಕರಿಸುವಂತಿಲ್ಲ. ಅದಕ್ಕೆ ಸಾಲಗಾರ, ಬ್ಯಾಂಕು ಇಬ್ಬರ ಒಪ್ಪಿಗೆಯೂ ಬೇಕು.

ಡಿಆರ್‌ಟಿ ಎಂಬ ಇನ್ನೊಂದು ಬಾಗಿಲು

ಬ್ಯಾಂಕಿನ ಕ್ರಮ ಪ್ರಶ್ನಿಸಿ ಸಾಲಗಾರ 17ನೇ ಕಲಮಿನಡಿ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ (ಡಿಆರ್‌ಟಿ) ಹೋಗಬಹುದು. ಹರಾಜಿಗೆ ಮೊದಲು ಡಿಆರ್‌ಟಿ ವೆಬ್‌ಸೈಟಿನಲ್ಲಿ ಸಾಲಗಾರ, ಜಾಮೀನುದಾರ, ಬ್ಯಾಂಕು ಮೂವರ ಹೆಸರಿನಿಂದಲೂ ಹುಡುಕಿ. ಅರ್ಜಿ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ. ತಡೆಯಾಜ್ಞೆ ಇದೆಯೇ, ಹರಾಜು ‘ಅರ್ಜಿಯ ಅಂತಿಮ ಆದೇಶಕ್ಕೆ ಒಳಪಟ್ಟು’ ನಡೆಯುತ್ತಿದೆಯೇ ಎಂಬುದು ಮುಖ್ಯ. ಹೈಕೋರ್ಟಿನ ರಿಟ್, ಸಿವಿಲ್ ಕೋರ್ಟಿನ ವಿಭಾಗ ದಾವೆಗಳನ್ನು ಇ-ಕೋರ್ಟ್ಸ್‌ನಲ್ಲಿ ನೋಡಿ. ಅಜ್ಜನ ಆಸ್ತಿಯಲ್ಲಿ ಪಾಲು ಕೇಳಿ ಹೆಣ್ಣುಮಕ್ಕಳು ಹಾಕಿದ ದಾವೆ ಬ್ಯಾಂಕಿನ ನೋಟಿಸಿನಲ್ಲಿ ಕಾಣುವುದು ಅಪರೂಪ.

ಕೊಳ್ಳುವವರಿಗೆ ಒಂದು ಬಲ ಇದೆ. ಹರಾಜಿನ ಪ್ರಕಟಣೆ ಬಂದ ಮೇಲೆ ಸಾಲ ತೀರಿಸಿ ಸ್ವತ್ತು ಬಿಡಿಸಿಕೊಳ್ಳುವ ಹಕ್ಕು ಸಾಲಗಾರನಿಗೆ ಉಳಿಯುವುದಿಲ್ಲ ಎಂದು 2023ರ ಸೆಪ್ಟೆಂಬರಿನಲ್ಲಿ ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನೀವು ಹಣ ಕಟ್ಟಿದ ಮೇಲೆ ಬ್ಯಾಂಕು ಸಾಲಗಾರನ ಜೊತೆ ಹಿಂಬಾಗಿಲಲ್ಲಿ ರಾಜಿಯಾಗುವಂತಿಲ್ಲ. ಹರಾಜಿಗೆ ಮೊದಲೇ ಬ್ಯಾಂಕು ಅದನ್ನು ಹಿಂತೆಗೆದರೆ ಮಾತ್ರ ಏನೂ ಮಾಡಲಾಗದು, ಇಎಂಡಿ ವಾಪಸ್ ಬರುತ್ತದೆ ಅಷ್ಟೆ.

ಗೆದ್ದ ಕೂಡಲೇ 18-ಸಿ ಕಲಮಿನಡಿ ಕೇವಿಯಟ್ ಹಾಕಿ. ನಿಮಗೆ ತಿಳಿಸದೆ ಏಕಪಕ್ಷೀಯ ತಡೆಯಾಜ್ಞೆ ಬರದಂತೆ ಅದು ಕಾಯುತ್ತದೆ. ಆಯಸ್ಸು 90 ದಿನ, ಮುಗಿದರೆ ಮತ್ತೆ ಹಾಕಬೇಕು.

ಪ್ರಮಾಣಪತ್ರದಿಂದ ಖಾತೆವರೆಗೆ

ಪೂರ್ತಿ ಹಣ ಸಂದಾಯವಾದ ಮೇಲೆ ಅಧಿಕೃತ ಅಧಿಕಾರಿ ನಿಯಮಗಳ 5ನೇ ಅನುಬಂಧದ ನಮೂನೆಯಲ್ಲಿ ಮಾರಾಟ ಪ್ರಮಾಣಪತ್ರ ಕೊಡುತ್ತಾರೆ. ಸಹಿ ಆಗುವ ಮುಂಚೆ ಕರಡು ಕೇಳಿ ಓದಿ: ಹೆಸರಿನ ಕಾಗುಣಿತ ಆಧಾರಿಗೆ ಸರಿಯಾಗಿದೆಯೇ, ಷೆಡ್ಯೂಲಿನಲ್ಲಿ ಕಾರ್ ಪಾರ್ಕಿಂಗ್, ಅವಿಭಾಜ್ಯ ಹಕ್ಕಿನ ಚದರಡಿ ಬಂದಿದೆಯೇ, ಬ್ಯಾಂಕಿಗೆ ತಿಳಿದ ಋಣಭಾರ ಇದೆ ಅಥವಾ ಇಲ್ಲ ಎಂಬ ಸಾಲು ಇದೆಯೇ. ಸ್ವಾಧೀನ ಕೊಟ್ಟ ದಿನದ ಪತ್ರ ಪ್ರತ್ಯೇಕವಾಗಿ ಪಡೆಯಿರಿ.

ನಂತರ ಎರಡು ದಾರಿ. ಬ್ಯಾಂಕಿನ ಅಧಿಕಾರಿ ಪ್ರಮಾಣಪತ್ರದ ಪ್ರತಿಯನ್ನು ನೋಂದಣಿ ಕಾಯ್ದೆಯ 89(4)ರಡಿ ಉಪನೋಂದಣಾಧಿಕಾರಿಗೆ ಕಳುಹಿಸಿದರೆ ಅವರು ಅದನ್ನು 1ನೇ ಪುಸ್ತಕದಲ್ಲಿ ಫೈಲ್ ಮಾಡಬೇಕು. ಪ್ರಮಾಣಪತ್ರಕ್ಕೆ ನೋಂದಣಿ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಿದೆ. ಆದರೆ ನಾಳೆ ಮಾರಬೇಕು, ಸಾಲ ತೆಗೆಯಬೇಕು ಎನ್ನುವವರು ಮುದ್ರಾಂಕ ಶುಲ್ಕ ಕಟ್ಟಿ ನೋಂದಣಿ ಮಾಡಿಸಿಕೊಳ್ಳುವುದೇ ಲೇಸು. ಋಣಭಾರ ಪತ್ರದಲ್ಲಿ ನಿಮ್ಮ ಹೆಸರು ಕಾಣದ ಸ್ವತ್ತನ್ನು ಮುಂದೆ ಯಾರೂ ಮುಟ್ಟುವುದಿಲ್ಲ. ಶುಲ್ಕ ಹರಾಜಿನ ಬೆಲೆಯ ಮೇಲೋ ಮಾರ್ಗಸೂಚಿ ದರದ ಮೇಲೋ ಎಂಬ ಜಗಳ ಕೌಂಟರಿನಲ್ಲಿ ಬರಬಹುದು. ಸಾರ್ವಜನಿಕ ಹರಾಜಿನ ದಾಖಲೆ, ಬಿಡ್ ಶೀಟ್, ಪತ್ರಿಕೆ ಪ್ರಕಟಣೆ ಜೊತೆಗಿರಲಿ.

ಮೂಲ ಕ್ರಯಪತ್ರಗಳನ್ನು ಪಟ್ಟಿ ಸಮೇತ ಬ್ಯಾಂಕಿನಿಂದ ಪಡೆದುಕೊಳ್ಳಿ, ಸೆರ್‌ಸಾಯ್‌ನಲ್ಲಿ ಅಡಮಾನ ತೀರಿದೆ ಎಂದು ದಾಖಲಿಸಿದ್ದಕ್ಕೆ ಪುರಾವೆ ಕೇಳಿ. ಪಾಲಿಕೆ ಅಥವಾ ಪಂಚಾಯಿತಿಯಲ್ಲಿ ಖಾತೆ ಬದಲಾವಣೆಗೆ ಪ್ರಮಾಣಪತ್ರ, ತೆರಿಗೆ ರಸೀದಿ, ಸ್ವಾಧೀನ ಪತ್ರ ಸಾಮಾನ್ಯವಾಗಿ ಬೇಕಾಗುತ್ತವೆ. ವಿದ್ಯುತ್, ನೀರಿನ ಮೀಟರು ನಿಮ್ಮ ಹೆಸರಿಗೆ ಬಂದ ದಿನದ ರೀಡಿಂಗನ್ನು ಫೋಟೊ ತೆಗೆದಿಡಿ. ನೀವು ಮೊದಲು ಬರೆದ ದಿನಾಂಕಗಳ ಹಾಳೆಯನ್ನೂ, ಬ್ಯಾಂಕಿನ ಜೊತೆಗಿನ ಇಮೇಲುಗಳನ್ನೂ ಕ್ರಯಪತ್ರದ ಫೈಲಿನಲ್ಲೇ ಇಟ್ಟುಕೊಳ್ಳಿ. ಮುಂದೆ ನಿಮ್ಮಿಂದ ಕೊಳ್ಳುವವರ ವಕೀಲರು ಇವನ್ನೇ ಕೇಳುತ್ತಾರೆ.